ಟಬ್ಬಿನ ತೂತಿಗೆ ಕೈ ಹಾಕಿ

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಬಾತ್‌ಟಬ್ ಇದೆ ಅಂದರೆ ನೆಂಟರು ಹುಬ್ಬೇರಿಸುತ್ತಾರೆ. ಅದರಲ್ಲಿ ಯಾರೂ ಸ್ನಾನ ಮಾಡುವುದಿಲ್ಲ ಎಂಬ ಗುಟ್ಟನ್ನು ನಾವೂ ಬಿಟ್ಟುಕೊಡುವುದಿಲ್ಲ. ನಮ್ಮ ಟಬ್ಬು ಅಸಲಿಗೆ ನೀರಿನ ತೊಟ್ಟಿ. ಕಾವೇರಿ ಬಂದ ದಿನ ಅದನ್ನು ಕಂಠಮಟ್ಟ ತುಂಬಿಸಿ, ಮೇಲೆ ಹಳೇ ಪ್ಲೈವುಡ್ ಮುಚ್ಚಿ, ಬೇಕಾದಾಗ ಮೊಗೆದು ಬಕೆಟ್ಟಿಗೆ ಸುರಿದುಕೊಂಡು ಪಕ್ಕದಲ್ಲಿ ನಿಂತು ಸ್ನಾನ. ಟಬ್ಬಿದ್ದೂ ಬಕೆಟ್ ಸ್ನಾನದ ಯೋಗ ನಿಮ್ಮದೂ ಆಗಿದ್ದರೆ ನೀವು ನಮ್ಮವರೇ.

2024ರ ಬೇಸಿಗೆ ನೆನಪಿದೆಯಲ್ಲ? ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿನವರ ನಂಬರು ಫೋನಿನಲ್ಲಿ ಬಂಧುಬಳಗಕ್ಕಿಂತ ಮೇಲೆ ಬಂದು ಕೂತ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ ಬೇಸಿಗೆ. ಅದೇ ಮುಹೂರ್ತ ನೋಡಿಕೊಂಡು ನಮ್ಮ ಟಬ್ಬು ಸೋರಲು ಶುರುಮಾಡಿತು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪಾಗಿ, ಸುಮಾರು 100 ಕಿಲೋಮೀಟರ್ ನಡೆದು, ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬಂದ ಕಾವೇರಿ ತಾಯಿ, ನಮ್ಮ ಮನೆಯ ಒಂದೂವರೆ ಇಂಚಿನ ತೂತಿನಲ್ಲಿ ರಾತ್ರೋರಾತ್ರಿ ಇಳಿದು ಹೋಗುತ್ತಿದ್ದಳು.

ಪ್ಲಂಬರಿಗೆ ಫೋನ್ ಮಾಡಿದೆ. “ನೋಡಿ ಹೇಳ್ಬೇಕು ಸಾರ್. ವೇಸ್ಟ್ ಕಪ್ಲಿಂಗ್ ಬದಲಾಯಿಸೋದಾದ್ರೆ ಲೇಬರ್ 1,200, ಸಾಮಾನು ಬೇರೆ” ಅಂದರು. ಒಂದು ತೂತಿಗೆ 1,200! ನನ್ನೊಳಗಿನ ಜಿಪುಣನೂ ಇಂಜಿನಿಯರೂ ಒಟ್ಟಿಗೆ ಎದ್ದು ಕೂತರು. ಜಿಪುಣ ಹುಟ್ಟಿನಿಂದಲೇ ಇದ್ದವನು. ಇಂಜಿನಿಯರ್ ಮಾತ್ರ ಹೊಸಬ; ಅಲ್ಲಿಯವರೆಗೆ ಅವನ ಸಾಧನೆಯೆಂದರೆ ಸಿಲಿಂಡರಿಗೆ ರೆಗ್ಯುಲೇಟರ್ ಹಾಕಿದ್ದು, ಅದೂ ಹೆಂಡತಿಯ ಮೇಲ್ವಿಚಾರಣೆಯಲ್ಲಿ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಬಿಳಿ ಅಂಗಿಯ ಮನುಷ್ಯನೊಬ್ಬ ಆರು ನಿಮಿಷದಲ್ಲಿ ಹಳೇ ಕಪ್ಲಿಂಗ್ ಬಿಚ್ಚಿ ಹೊಸದು ಕೂರಿಸಿ ಅಂಗಿಗೆ ಒಂದು ಕಲೆಯೂ ಆಗದಂತೆ ಎದ್ದು ಹೋದ. ನನ್ನ ಹತ್ತಿರವೂ ಬಿಳಿ ಅಂಗಿ ಇತ್ತು.

ಹಾರ್ಡ್‌ವೇರ್ ಅಂಗಡಿಯಲ್ಲಿ “ಒಂದೂಕಾಲಾ, ಒಂದೂವರೆನಾ ಸಾರ್?” ಎಂದು ಕೇಳಿದರು. ನಾನು ಗಂಭೀರವಾಗಿ “ಮೀಡಿಯಂ” ಅಂದೆ. ಅಂಗಡಿಯವರು ಸಂಭಾವಿತರು, ನಗಲಿಲ್ಲ. “ವಾಷ್‌ಬೇಸಿನ್‌ಗೆ ಒಂದೂಕಾಲು, ಟಬ್ಬಿಗೆ ಒಂದೂವರೆ” ಎಂದು ಅವರೇ ತೀರ್ಮಾನಿಸಿ ಕೊಟ್ಟರು. ಆ ಉಪಕಾರಕ್ಕೆ ಪ್ರತಿಯಾಗಿ ಗೋಡೆಗೆ ತೂಗುಹಾಕಿದ್ದ 18 ಇಂಚಿನ ಪೈಪ್ ರೆಂಚನ್ನೂ ಖರೀದಿಸಿದೆ. ಕೆಂಪು ಬಣ್ಣ, ಭೀಮನ ಕೈಗೆ ಒಪ್ಪುವ ತೂಕ. ಅದನ್ನು ಹೆಗಲ ಮೇಲಿಟ್ಟುಕೊಂಡು ಮನೆಯವರೆಗೆ ಬೇಕಂತಲೇ ನಡೆದೇ ಬಂದೆ.

ಕಪ್ಲಿಂಗ್ ಬಿಚ್ಚಲು ಟಬ್ಬು ಖಾಲಿಯಿರಬೇಕು, ಆದರೆ ಟಬ್ಬಿನಲ್ಲಿ ಇನ್ನೂ ಅರ್ಧದಷ್ಟು ನೀರಿತ್ತು. ಆ ಬೇಸಿಗೆಯಲ್ಲಿ ಅದನ್ನು ಮೋರಿಗೆ ಬಿಡುವಷ್ಟು ಎದೆಗಾರಿಕೆ ಯಾರಿಗಿದೆ? ಬಕೆಟ್, ಕೊಡ, ಕೊಳಗ, ಕುಕ್ಕರ್, ಇಡ್ಲಿ ಪಾತ್ರೆ, ಕೊನೆಗೆ ಮಗನ ವಾಟರ್ ಬಾಟಲಿಗೂ ತುಂಬಿಸಿದ್ದಾಯಿತು. ಅಡುಗೆಗೆ ಪಾತ್ರೆಯೇ ಉಳಿಯದೆ ಮಧ್ಯಾಹ್ನದ ಊಟ ಹೋಟೆಲಿನಿಂದ ತರಿಸಬೇಕಾಯಿತು. ಉಳಿತಾಯದ ಖಾತೆಯಲ್ಲಿ ಮೊದಲ ತೂತು ಬಿದ್ದದ್ದು ಅಲ್ಲಿ.

ಕಪ್ಲಿಂಗಿನ ಬಾಯಲ್ಲಿರುವ ಜಾಲರಿಯ ಅಡ್ಡಪಟ್ಟಿಗಳ ನಡುವೆ ಇಕ್ಕಳದ ಹಿಡಿ ತೂರಿಸಿ, ಅದನ್ನು ರೆಂಚಿನಿಂದ ಹಿಡಿದು ಎಡಕ್ಕೆ ತಿರುಗಿಸಬೇಕು ಎಂದು ವಿಡಿಯೋದವನು ಹೇಳಿದ್ದ. ನಾನು ರೆಂಚಿನ ಹಿಡಿಯನ್ನು ಎದೆಯ ಕಡೆ ಇಟ್ಟುಕೊಂಡು ಎಡಕ್ಕೆ ನೂಕಿದೆ. ಈಗ ನೀವೇ ಒಂದು ಮುಚ್ಚಳ ತೆಗೆದುಕೊಂಡು ನೋಡಿ: ಆಚೆ ಬದಿ ಎಡಕ್ಕೆ ಹೋದರೆ ಅದು ಬಿಚ್ಚುತ್ತದೆ, ಈಚೆ ಬದಿ ಎಡಕ್ಕೆ ಹೋದರೆ ಬಿಗಿಯಾಗುತ್ತದೆ. ಈ ಜ್ಞಾನೋದಯ ಆಗುವಷ್ಟರಲ್ಲಿ, ವರ್ಷಗಳ ತುಕ್ಕಿನಿಂದ ಮೊದಲೇ ಕಚ್ಚಿಕೊಂಡಿದ್ದ ಜಾಲರಿಯನ್ನು ನಾನು ಸಮಸ್ತ ಬಲ ಹಾಕಿ ಇನ್ನಷ್ಟು ಬಿಗಿ ಮಾಡಿಬಿಟ್ಟಿದ್ದೆ. ದಿಕ್ಕು ಬದಲಿಸಿ ಎಳೆದೆ. ಅಡ್ಡಪಟ್ಟಿಗಳು ಪಟಪಟನೆ ಮುರಿದು ಕೈಗೆ ಬಂದವು. ಜಾಲರಿ ಅಲ್ಲಾಡಲಿಲ್ಲ. ಹಲ್ಲು ಕಿತ್ತ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿತ್ತು.

ಹ್ಯಾಕ್ಸಾ ಬ್ಲೇಡಿನಿಂದ ಒಳಗಡೆಯಿಂದ ಗೀರಿ ಅದನ್ನು ಸಡಿಲಿಸಿದೆ. ಜಾಲರಿಯ ಜೊತೆಗೆ ಟಬ್ಬಿನ ಅಂಚನ್ನೂ ಚೂರು ಗೀರಿದೆ. ಎಷ್ಟು ಎಂದು ಕೇಳಬೇಡಿ. ಕೊನೆಗೂ ಬಂತು! ಬಂದ ಕ್ಷಣವೇ ಕೆಳಗೆ ಧಡ್ ಎಂದಿತು. ಟಬ್ಬಿನಡಿಯ ಪೈಪಿನ ಎಲ್ಬೋವನ್ನು ಅಷ್ಟು ಕಾಲ ಎತ್ತಿ ಹಿಡಿದಿದ್ದದ್ದು ಇದೇ ಜಾಲರಿಯ ಥ್ರೆಡ್ಡಂತೆ. ಇಣುಕಿ ನೋಡೋಣವೆಂದು ಪೆನ್‌ಟಾರ್ಚ್ ಹಿಡಿದು ಬಗ್ಗಿದೆ. ಟಾರ್ಚೂ ಕೆಳಗೆ ಹೋಯಿತು. ಎಲ್ಬೋವನ್ನು ಮೇಲೆತ್ತಲು ಎರಡು ಬೆರಳು ಇಳಿಸಿದೆ. ಮದುವೆಯ ಉಂಗುರ ಎಲ್ಲೋ ಸಿಕ್ಕಿಕೊಂಡಿತು, ಬೆರಳು ವಾಪಸ್ ಬರಲಿಲ್ಲ.

ಬಿಳಿ ಅಂಗಿಯಲ್ಲಿ ಟಬ್ಬಿನೊಳಗೆ ಬೋರಲಾಗಿ ಮಲಗಿ “ಸ್ವಲ್ಪ ಬಾರೇ” ಎಂದು ಮೆಲ್ಲಗೆ ಕರೆದೆ. ಹೆಂಡತಿ ಬಂದಳು, ಅವಳ ಕೈಯಲ್ಲಿದ್ದ ವಿಡಿಯೋ ಕಾಲಿನಲ್ಲಿ ಅತ್ತೆಯವರೂ ಬಂದರು. “ಅಳಿಯಂದ್ರು ಯಾಕಮ್ಮಾ ಹಾಗೆ ಮಲಗಿದಾರೆ?” “ಆಮೇಲೆ ಮಾಡ್ತೀನಮ್ಮಾ, ಇವರು ಟಬ್ಬಲ್ಲಿ ಸಿಕ್ಕಿಹಾಕ್ಕೊಂಡಿದಾರೆ.” ಅತ್ತೆಯವರು ಫೋನ್ ಇಡಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚು, ತಣ್ಣೀರು ಹಾಕು, ದೇವರಿಗೆ ಹರಕೆ ಹೊತ್ತುಕೋ ಎಂದು ಆ ಕಡೆಯಿಂದಲೇ ಸೂಚನೆ ಕೊಟ್ಟರು. ಮೂರರಲ್ಲಿ ಯಾವುದು ಫಲಿಸಿತೋ, ಬೆರಳು ಹೊರಬಂತು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ತಂತಿಯ ಕೊಕ್ಕೆಯಿಂದ ಎಲ್ಬೋ ಎತ್ತಿ, ಸೊಟ್ಟಗೋ ನೆಟ್ಟಗೋ ಹೊಸ ಕಪ್ಲಿಂಗ್ ಕೂರಿಸಿ, ಸುತ್ತಲೂ ಧಾರಾಳವಾಗಿ ಸಿಲಿಕೋನ್ ಬಳಿದೆ. 24 ಗಂಟೆ ಒಣಗಲು ಬಿಡಿ ಎಂದು ಟ್ಯೂಬಿನ ಮೇಲೆ ಬರೆದಿತ್ತು. ನಾನು ಅದನ್ನು ಓದುತ್ತಿರುವಾಗಲೇ ನಲ್ಲಿಯಲ್ಲಿ ಬುಸ್ಸೆಂದು ಗಾಳಿ ಬಂತು, ಹಿಂದೆಯೇ ಕಾವೇರಿ. ಬಿಟ್ಟರೆ ಇನ್ನು ನಾಡಿದ್ದೇ. ಮನೆಯ ಪಾತ್ರೆಗಳೆಲ್ಲ ಮೊದಲೇ ಭರ್ತಿ. ನೀವಾಗಿದ್ದರೂ ಟಬ್ಬಿಗೇ ಬಿಡುತ್ತಿದ್ದಿರಿ.

ತುಂಬಿದ ಟಬ್ಬಿನ ಪಕ್ಕ ಸ್ಟೂಲು ಹಾಕಿಕೊಂಡು ಕಾಫಿ ಕುಡಿಯುತ್ತಿದ್ದಾಗ ಕಾಲಿಂಗ್ ಬೆಲ್ ಆಯಿತು. ಕೆಳಗಿನ ಮನೆಯ ಓನರ್ ಅಂಕಲ್. ಸೊಂಟಕ್ಕೆ ಟವೆಲ್ಲು, ಕಿವಿಯಲ್ಲಿ ಸೋಪಿನ ನೊರೆ. “ಸ್ನಾನ ಮಾಡ್ತಿದ್ದೆ. ಸೋಪು ತೊಳ್ಕೊಳ್ಳೋಕೆ ಇನ್ನೂ ಚೊಂಬು ಮುಟ್ಟಿರಲಿಲ್ಲ, ತಲೆ ಮೇಲೆ ನೀರು ಬಿತ್ತು. ನಿಮಗೂ ನೀರು ಬಂದಿದೆಯಾ ಅಂತ ಕೇಳೋಣ ಅಂತ ಬಂದೆ” ಎಂದರು. ಎಂಥ ಸಜ್ಜನಿಕೆ! ನನ್ನ ಹತ್ತು ತಿಂಗಳ ಅಡ್ವಾನ್ಸ್ ಅವರ ಕೈಯಲ್ಲಿತ್ತು ಎಂಬುದೊಂದೇ ಆ ಕ್ಷಣ ತಲೆಯಲ್ಲಿ ಓಡಿದ್ದು.

ಪ್ಲಂಬರ್ ಬಂದರು. ಟಬ್ಬಿಗೆ ಒಮ್ಮೆ ಟಾರ್ಚ್ ಬಿಟ್ಟು, ಆ ವೃತ್ತಿಯವರೆಲ್ಲ ಕೇಳುವ ಆ ಪ್ರಶ್ನೆಯನ್ನೇ ಕೇಳಿದರು: “ಇದಕ್ಕೆ ಯಾರು ಸಾರ್ ಕೈ ಹಾಕಿದ್ದು?” ಊದಿದ ಬೆರಳುಗಳನ್ನು ಬೆನ್ನ ಹಿಂದೆ ಮುಚ್ಚಿಕೊಂಡು, “ನಮಗಿಂತ ಮುಂಚೆ ಇದ್ದವರಿರಬೇಕು” ಎಂದೆ. ಹಿಂದೆಯೇ ನಿಂತಿದ್ದ ಅಂಕಲ್ ಮೃದುವಾಗಿ ಹೇಳಿದರು: “ನಿಮಗಿಂತ ಮುಂಚೆ ಇದ್ದಿದ್ದು ನಮ್ಮ ಮಗ.”

ಪ್ಲಂಬರ್ ಪಕ್ಕದ ಟೈಲ್ ಒಂದನ್ನು ತೆಗೆದು ಒಳಗೆ ಕೈ ಹಾಕಿದರು. ಮೊದಲು ಬಂದದ್ದು ನನ್ನ ಪೆನ್‌ಟಾರ್ಚ್, ಇನ್ನೂ ಉರಿಯುತ್ತಿತ್ತು. “ಇದೂ ಅವರದೇನಾ ಸಾರ್?” ಎಂದರು. ಎಲ್ಬೋ ನೆಟ್ಟಗಾಗಿ, ಕಪ್ಲಿಂಗ್ ಕೂತು, ಟೈಲ್ ಮತ್ತೆ ಅಂಟಿಕೊಳ್ಳಲು ನನ್ನ ಇನ್ನೊಂದು ಕಾಫಿಯಷ್ಟು ಹೊತ್ತು ಹಿಡಿಯಿತು. ಬಿಲ್ 2,800. ಹೊರಡುವ ಮುಂಚೆ ಮೂಲೆಯಲ್ಲಿದ್ದ ಟಬ್ಬಿನ ಹಳೇ ಬಿರಡೆಯನ್ನು ಎತ್ತಿ ತಿರುಗಿಸಿ ನೋಡಿ, “ಅಯ್ಯೋ, ಇದರ ರಬ್ಬರ್ ವಾಷರ್ ಸವೆದಿತ್ತು ಅಷ್ಟೇ ಸಾರ್. 20 ರೂಪಾಯಿದು” ಅಂದರು.

ನಾನು ಮಾತಾಡಲಿಲ್ಲ. ಅವರು ಸಾಮಾನು ಚೀಲಕ್ಕೆ ತುಂಬುತ್ತಾ ನನ್ನ ಕೆಂಪು ರೆಂಚನ್ನು ಕೈಯಲ್ಲಿ ತೂಗಿ ನೋಡಿದರು. “ಒಳ್ಳೇ ಮಾಲು. ನಿಮಗೆ ಇನ್ನೂ ಬೇಕಾಗತ್ತಾ ಸಾರ್?”

ನಾನು ಬಾಯಿ ತೆರೆಯುವ ಮುಂಚೆ ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: “ತಗೊಂಡು ಹೋಗಿಪ್ಪಾ! ಹ್ಯಾಕ್ಸಾ ಬ್ಲೇಡೂ ಇದೆ, ಅದನ್ನೂ ತಗೊಳ್ಳಿ.”