ಹೊಸ ಪ್ರಸಂಗದ ಅಭಿಪ್ರಾಯ: ಲಕ್ಷಣ, ಮಾನದಂಡ, ಪ್ರಸಾರ

ಬಡಗುತಿಟ್ಟು ಯಕ್ಷಗಾನದ ಅಭಿಮಾನಿ ಹೊಸ ಪ್ರಸಂಗದ ಬಗ್ಗೆ ತಳೆಯುವ ನಿಲುವೇ ಅಭಿಪ್ರಾಯ. ಇದು ಆಟಕ್ಕಿಂತ ಮೊದಲು ಹುಟ್ಟುತ್ತದೆ. ಪ್ರಸಂಗದ ಹೆಸರಿರುವ ಕರಪತ್ರ ಕೈಸೇರಿದ ಗಳಿಗೆಯೇ ಇದರ ಜನ್ಮಕಾಲ. ರಾತ್ರಿಯಿಡೀ ಕೂತು ಆಟ ನೋಡುವುದು ಅದನ್ನು ಖಾತ್ರಿಪಡಿಸಿಕೊಳ್ಳುವುದಕ್ಕೆ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಕರಾವಳಿ ಇದರ ಮುಖ್ಯ ನೆಲೆ. ಇಲ್ಲಿ ತಾಲೂಕು ಬೇರೆಯಾಗಿದೆ, ಅಭಿಪ್ರಾಯ ಬೇರೆಯಾಗಿಲ್ಲ.

ನವೆಂಬರಿನಲ್ಲಿ ಮೇಳಗಳು ತಿರುಗಾಟಕ್ಕೆ ಹೊರಟಾಗ ಚಿಗುರುವ ಅಭಿಪ್ರಾಯ ತಿರುಗಾಟ ಮುಗಿಯುವ ಮೇ ತಿಂಗಳ ಪತ್ತನಾಜೆಯ ಹೊತ್ತಿಗೆ ಬಲಿಯುತ್ತದೆ. ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳು ಇದಕ್ಕೆ ಫಲವತ್ತಾದ ಭೂಮಿ. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಹರಕೆ ಆಟದಲ್ಲಿ ಬೆಳೆ ಕಡಿಮೆ: ದೇವರ ಸೇವೆಗೆ ಕೊಂಕು ನುಡಿಯುವುದಕ್ಕೆ ಹೆದರಿಕೆ, ಅದೂ ಆಟ ಆಡಿಸಿದವರ ಮನೆಯಲ್ಲಿ ಉಂಡ ಮೇಲೆ.

ಅಭಿಪ್ರಾಯದ ಪ್ರಧಾನ ವಸ್ತು ಪದ್ಯ. ಕಥೆ, ಮಾತು, ವೇಷಗಳ ವಿಚಾರವನ್ನು ಪಕ್ಕದಲ್ಲಿ ಕೂತವರಿಗೆ ಬಿಟ್ಟುಕೊಡುವುದು ವಾಡಿಕೆ. ಪದ್ಯಕ್ಕೆ ಮಾನದಂಡ ಭಾಗವತ ಗುಂಡ್ಮಿ ಕಾಳಿಂಗ ನಾವಡರ (1958–1990) ಕಂಠ. ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡ ನಂತರ ಹುಟ್ಟಿದವರೂ ಈ ಮಾನದಂಡವನ್ನು ಬಳಸುತ್ತಾರೆ. ಅವರೇ ಹೆಚ್ಚು ಕಟ್ಟುನಿಟ್ಟು. ಅವರಿಗೆ ಆಧಾರವೆಂದರೆ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಗಿ, ಅಲ್ಲಿಂದ ಮೊಬೈಲಿಗೆ ಇಳಿದ ಧ್ವನಿಮುದ್ರಣ. ಅದರಲ್ಲಿ ಚಂಡೆ ಅಕ್ಕಿ ಕೇರಿದ ಹಾಗೆ ಕೇಳುತ್ತದೆ, ನಡುವೆ ಯಾರದೋ ಮಗು ಅಳುತ್ತದೆ. ಈಗಿನ ಭಾಗವತರ ಪದ್ಯದಲ್ಲಿ ಆ ಅಳುವಿಲ್ಲ. ಆದ್ದರಿಂದ ಏನೋ ಕೊರತೆ.

ಇಲ್ಲೊಂದು ಐತಿಹಾಸಿಕ ತೊಡಕಿದೆ. ನಾರಣಪ್ಪ ಉಪ್ಪೂರರ ಶಿಷ್ಯರಾದ ನಾವಡರು ಸ್ವತಃ ಹೊಸತನದವರು. ‘ನಾಗಶ್ರೀ’ಯಂಥ, ಪುರಾಣಕ್ಕೆ ಸೇರದ ಪ್ರಸಂಗ ಬರೆದವರು. ಅಂದಿನ ಹಿರಿಯ ಅಭಿಮಾನಿಗಳ ಕೈಯಲ್ಲಿದ್ದ ಅಳತೆಗೋಲು ಉಪ್ಪೂರರದು. ಪೆರ್ಡೂರು ಮೇಳದಲ್ಲಿ ಬಹುಕಾಲ ಹಾಡಿದ ಸುಬ್ರಹ್ಮಣ್ಯ ಧಾರೇಶ್ವರರನ್ನು ಅಳೆದದ್ದು ನಾವಡರ ಕೋಲಿನಿಂದ. 2024ರಲ್ಲಿ ಅವರೂ ತೀರಿಕೊಂಡ ಮೇಲೆ ಈಗಿನವರನ್ನು ಅಳೆಯಲು ಧಾರೇಶ್ವರರ ಕೋಲೂ ಸಿದ್ಧವಾಗಿದೆ. ಇದರಿಂದ ಹೊರಡುವ ಸೂತ್ರ: ಪರಂಪರೆ ಯಾವಾಗಲೂ ಒಬ್ಬ ಭಾಗವತನಷ್ಟು ಹಿಂದಿರುತ್ತದೆ. ಕೋಟದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಿಗೆ ಪಿಟೀಲು, ಸ್ಯಾಕ್ಸೋಫೋನು ತಂದದ್ದು ಈ ಸೂತ್ರಕ್ಕೆ ಒಗ್ಗದ ಸಂಗತಿ. ಅಭಿಮಾನಿ ಅದನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾನೆ.

ಖಂಡನೆಗೆ ಒಳಗಾಗುವ ದೋಷಗಳಲ್ಲಿ ಘೋರವಾದುದು ಸಿನಿಮಾ ಧಾಟಿ. ಇದನ್ನು ಗುರುತಿಸಬೇಕಾದರೆ ಮೂಲ ಸಿನಿಮಾ ಹಾಡು ಬಾಯಿಪಾಠವಾಗಿರಬೇಕು. ಖಂಡಿಸುವವರ ಪಾಂಡಿತ್ಯ ಇಲ್ಲಿ ಬೆರಗು ಹುಟ್ಟಿಸುತ್ತದೆ. ಎರಡನೆಯದು ಕಾಲಮಿತಿ. ಆಟ ನಡುರಾತ್ರಿಗೇ ಮುಗಿದರೆ ಕಲೆ ಹಾಳಾಯಿತು. ಬೆಳಗಿನವರೆಗೆ ನಡೆದರೆ ಎಳೆದರು.

ಅಭಿಪ್ರಾಯ ಪ್ರಕಟವಾಗುವುದು ಬೆಳಗಿನ ಜಾವ, ಆಟದ ಗದ್ದೆಯ ಪಕ್ಕದ ಚಾದಂಗಡಿಯಲ್ಲಿ.

“ಹ್ವಾಯ್, ಪದ್ಯ ಹ್ಯಾಂಗಿತ್ತ್?”

“ಎಂತ ಪದ್ಯ ಮರಾಯ್ರೆ! ನಾವಡ್ರ್ ಕಾಲದ್ದ್ ಇದಾ?”

ಹೀಗೆಂದವರ ಅಂಗಿಯ ಜೇಬಿನಿಂದ ಅದೇ ರಾತ್ರಿಯ ಪದ್ಯ ಸಣ್ಣಗೆ ಕೇಳುತ್ತಿರುತ್ತದೆ. ಮೂರು ತಾಸು ಮೊಬೈಲು ಎತ್ತಿ ಹಿಡಿದ ಕೈ ಈಗ ನೋಯುತ್ತಿದೆ. ಮುಂದಿನ ಆಟ ಎಲ್ಲಿ ಎಂಬ ವಿಚಾರಣೆಯೂ ಅಲ್ಲೇ ನಡೆಯುತ್ತದೆ. ಇದನ್ನು ವಿರೋಧಾಭಾಸ ಎನ್ನಲಾಗದು: ಹಾಳಾಗಿರುವುದು ಇನ್ನೆಷ್ಟು ಹಾಳಾಗಿದೆ ಎಂದು ತಿಳಿಯಲು ಎರಡನೇ ಆಟ ಬೇಕೇ ಬೇಕು.

ಮಳೆಗಾಲದಲ್ಲಿ ಅಭಿಪ್ರಾಯ ಮೇಳದೊಂದಿಗೆ ಬೆಂಗಳೂರಿಗೆ ವಲಸೆ ಹೋಗುತ್ತದೆ. ರವೀಂದ್ರ ಕಲಾಕ್ಷೇತ್ರದಲ್ಲಿ ಹೋಟೆಲು ಮುಚ್ಚಿ ಬಂದ ಊರಿನವರು ಅದೇ ಪ್ರಸಂಗ ನೋಡುತ್ತಾರೆ. ಅಲ್ಲಿ ದೋಷಗಳು ಕಾಣುವುದು ತೀರ ಅಪರೂಪ. ಟಿಕೆಟ್ಟಿನ ದರಕ್ಕೂ ಇದಕ್ಕೂ ಇರುವ ಸಂಬಂಧ ವಿದ್ವಾಂಸರಲ್ಲಿ ಇನ್ನೂ ಚರ್ಚೆಯಲ್ಲಿದೆ.