ನಾಮಕರಣದ ಮಾನ್ಯ ಅತಿಥಿಗಳಿಗೆ ಒಂದು ಬಹಿರಂಗ ಪತ್ರ

ವಿಷಯ: ಎರಡು ಕೈಯಲ್ಲಿ ಹೊತ್ತು ತರುವ ಡಬ್ಬದ ಕುರಿತು.

ಮಾನ್ಯರೇ,

ನಾಮಕರಣದ ಉಡುಗೊರೆಯನ್ನು ಅಳೆಯುವ ಮೊದಲ ಮಾನದಂಡ ಡಬ್ಬದ ಗಾತ್ರ. ವೇದಿಕೆ ಹತ್ತಿ ಫೋಟೊಗೆ ನಿಲ್ಲುವಾಗ ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡದಿದ್ದರೆ ಅದು ಉಡುಗೊರೆ. ಒಂದೇ ಕೈಗೆ ಸಿಗುವಂಥದ್ದಾದರೆ ಅದು ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯ ಅಂಟಿಸಿಕೊಂಡ ಲಕೋಟೆ. ಇವೆರಡನ್ನು ಬಿಟ್ಟು ಮೂರನೆಯದು ಕಲ್ಯಾಣ ಮಂಟಪಗಳಲ್ಲಿ ಅಪರೂಪ. ಇಷ್ಟಕ್ಕೆಲ್ಲ ಒಡೆಯನೆನಿಸಿದ ಕೂಸು ಆ ಹೊತ್ತಿನಲ್ಲಿ ನಿದ್ದೆ ಮಾಡುತ್ತಿರುತ್ತದೆ, ಇಲ್ಲವೇ ಜರಿ ಅಂಗಿ ಚುಚ್ಚಿ ಅಳುತ್ತಿರುತ್ತದೆ. ಆ ಅಂಗಿಯೂ ಒಂದು ಉಡುಗೊರೆಯೇ.

ಹಳ್ಳಿಗಳ ಮುಯ್ಯಿ ಪದ್ಧತಿಯಲ್ಲಿ ಈ ವ್ಯವಹಾರ ಹೆಚ್ಚು ನೇರ. ಯಾರು ಎಷ್ಟು ಕೊಟ್ಟರೆಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ಅಷ್ಟನ್ನೋ ತುಸು ಹೆಚ್ಚನ್ನೋ ತಿರುಗಿಸಿದರೆ ಲೆಕ್ಕ ಚುಕ್ತಾ. ನಗರದಲ್ಲಿ ಪುಸ್ತಕದ ಜಾಗಕ್ಕೆ ಮಿರುಗುವ ಕಾಗದ ಬಂದಿದೆ. ಬಿಚ್ಚದ ಡಬ್ಬ ಅಟ್ಟ ಸೇರಿ, ಆರು ತಿಂಗಳ ಮೇಲೆ ಹೆಸರಿನ ಚೀಟಿಯನ್ನಷ್ಟೇ ಬದಲಾಯಿಸಿಕೊಂಡು ಇನ್ನೊಂದು ನಾಮಕರಣಕ್ಕೆ ಹೊರಡುತ್ತದೆ. ಯಾವ ಮಗುವೂ ಮುಟ್ಟದ ಆಟಿಕೆಯಿಂದ ಯಾವ ಮಗುವಿಗೂ ಅಪಾಯವಿಲ್ಲ ಎಂಬುದು ಈ ಪದ್ಧತಿಯ ಪರವಾಗಿ ಹೇಳಬಹುದಾದ ಒಂದೇ ಮಾತು.

ಹುಟ್ಟಿದ ಹೊಸದರಲ್ಲಿ ಕೂಸಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದ ವಸ್ತು, ಅಂದರೆ ಹಾಲೂಡುವ ತಾಯಿಯ ಮುಖ. ಕಪ್ಪು-ಬಿಳುಪಿನಂಥ ಗಾಢ ವ್ಯತ್ಯಾಸ ಅದರ ಕಣ್ಣನ್ನು ಹಿಡಿಯುತ್ತದೆ. ಆದ್ದರಿಂದ ಅಂಗಡಿಗಳು ನಸುಗುಲಾಬಿ ಮತ್ತು ತಿಳಿನೀಲಿಯನ್ನು ಮಾರುತ್ತವೆ. ತೊಟ್ಟಿಲ ಮೇಲೆ ತಿರುಗುವ ಆನೆ-ಚಿಟ್ಟೆಗಳ ಗೊಂಚಲು ಪಕ್ಕದಲ್ಲಿ ನಿಂತ ಅತಿಥಿಗೆ ಬಹಳ ಚಂದ. ಅಡಿಯಲ್ಲಿ ಮಲಗಿದ ಕೂಸಿಗೆ ಕಾಣುವುದು ಆನೆಯ ಅಂಗಾಲು. ಮೂರಡಿಯ ಟೆಡ್ಡಿ ಕರಡಿಯ ಕತೆ ಇನ್ನೂ ಸಣ್ಣದು. ಮೊದಲ ವರ್ಷ ಕೂಸು ಮಲಗುವ ಜಾಗದಲ್ಲಿ ಮೆತ್ತನೆಯ ಗೊಂಬೆ, ದಿಂಬು, ಸಡಿಲ ಹೊದಿಕೆ ಯಾವುದೂ ಇರಬಾರದು, ಉಸಿರುಗಟ್ಟುವ ಭಯವಿದೆ ಎನ್ನುತ್ತಾರೆ ಮಕ್ಕಳ ವೈದ್ಯರು. ಕರಡಿ ಪ್ಲಾಸ್ಟಿಕ್ ಕವರಿನೊಳಗೇ ಬೀರುವಿನ ಮೇಲೆ ಕೂತು ಮನೆ ಕಾಯುತ್ತದೆ.

ಡಬ್ಬದ ಮೇಲೆ ಮುದ್ರಿಸಿರುವ ವಯಸ್ಸನ್ನು ಬಂಧುವರ್ಗ ಜಾಣತನದ ಅಳತೆ ಎಂದು ಓದುತ್ತದೆ. ‘ಮೂರು ವರ್ಷ ಮೇಲ್ಪಟ್ಟವರಿಗೆ’ ಎಂದಿದ್ದರೆ, ‘ನಮ್ಮ ಪಾಪು ಬಲು ಚುರುಕು, ಈಗಲೇ ಆಡುತ್ತೆ ಬಿಡಿ’ ಎಂಬ ಉತ್ತರ ಸಿದ್ಧ. ಆದರೆ ಆ ಅಂಕಿ ಹೇಳುತ್ತಿರುವುದು ಗಂಟಲಿನ ವಿಚಾರ. ಆಟಿಕೆಯ ಬಿಡಿಭಾಗಗಳನ್ನು ಪರೀಕ್ಷಿಸಲು 31.7 ಮಿಲಿಮೀಟರ್ ಅಗಲದ ಒಂದು ಕೊಳವೆಯಿದೆ. ಅದರೊಳಗೆ ಪೂರ್ತಿ ಇಳಿದುಹೋಗುವ ಯಾವ ಚೂರೂ ಮೂರು ವರ್ಷದೊಳಗಿನವರ ಆಟಿಕೆಯಲ್ಲಿ ಇರಕೂಡದು. ಬೊಂಬೆಯ ಗುಂಡಿ ಕಣ್ಣು, ಕಾರಿನ ಚಕ್ರ, ಹುಟ್ಟುಹಬ್ಬದ ರಿಟರ್ನ್ ಗಿಫ್ಟಿನ ಪೀಪಿ, ಬೆಳ್ಳಿ ಕಾಲ್ಗೆಜ್ಜೆಯಿಂದ ಕಳಚಿದ ಕಿರುಗೆಜ್ಜೆ ಎಲ್ಲವೂ ಇಲ್ಲಿ ಸಿಕ್ಕಿಬೀಳುತ್ತವೆ. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್, ಅದೂ ಒಳಗಿಳಿಯುತ್ತದೆ. ಲಕೋಟೆಯ ಒಂದು ರೂಪಾಯಿ ಇನ್ನೂ ಚಿಕ್ಕದು. ಹೀಗೆ ಶುಭಸೂಚಕವಾದ ಆ ನಾಣ್ಯವೇ ಪರೀಕ್ಷೆಯಲ್ಲಿ ಮೊದಲು ನಪಾಸಾಗುತ್ತದೆ.

ಹಾಡುವ, ಕುಣಿಯುವ, ಮಿಣುಕುವ ಆಟಿಕೆಗಳ ಹೊಟ್ಟೆಯಲ್ಲಿ ಗುಂಡಿಯಾಕಾರದ ಪುಟ್ಟ ಬ್ಯಾಟರಿ ಇರುತ್ತದೆ. ನುಂಗಿದ ಮಗುವಿನ ಅನ್ನನಾಳದಲ್ಲಿ ಅದು ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಗಂಭೀರವಾಗಿ ಸುಡಬಲ್ಲದು. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ, ಉಗುರಿನಿಂದಲೇ ತೆರೆಯುತ್ತದೆಯೇ ಎಂದು ಅಂಗಡಿಯಲ್ಲೇ ತಿರುಗಿಸಿ ನೋಡಬಹುದು. ಯಾರೂ ನೋಡುವುದಿಲ್ಲ. ಹಾಡು ಎಷ್ಟಿವೆ ಎಂದು ಮಾತ್ರ ಕೇಳುತ್ತಾರೆ.

ಸರ್ಕಾರ ತನ್ನ ಪಾಲಿನದ್ದನ್ನು ಬರೆದಿಟ್ಟಿದೆ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದ್ದು, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ. ವಿದ್ಯುತ್ತಿಲ್ಲದವಕ್ಕೆ ಅನ್ವಯಿಸುವ ಮಾನಕ ಐಎಸ್ 9873, ವಿದ್ಯುತ್ತಿನವಕ್ಕೆ ಐಎಸ್ 15644. ಮುದ್ರೆಯ ಕೆಳಗಿನ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಅಸಲಿಯೇ ಎಂದು ತಿಳಿಯುತ್ತದೆ. ಈ ಆದೇಶ ಬರುವ ಮುನ್ನ, 2019ರಲ್ಲಿ, ಭಾರತೀಯ ಗುಣಮಟ್ಟ ಮಂಡಳಿ ಪರೀಕ್ಷಿಸಿದ ಆಮದು ಆಟಿಕೆಗಳಲ್ಲಿ ಸುಮಾರು ಮೂರನೇ ಎರಡು ಭಾಗ ಅನುತ್ತೀರ್ಣವಾಗಿದ್ದವು. ಕಲ್ಲಂಗಡಿ ಹಣ್ಣನ್ನು ನಾಲ್ಕು ಸಲ ತಟ್ಟಿ ಕೊಳ್ಳುವ ಅತಿಥಿ, ಕೂಸು ಬಾಯಿಗಿಡುವ ಗಿಲಕಿಯನ್ನು ಮಾತ್ರ ಬಣ್ಣ ನೋಡಿ ಕೊಳ್ಳುತ್ತಾನೆ.

ಉಡುಗೊರೆಗಳ ಸಾಮ್ರಾಟ ಚಕ್ರದ ವಾಕರ್. ಗಾತ್ರ ದೊಡ್ಡದು, ಬಣ್ಣ ಹಲವು, ಮುಂದುಗಡೆ ಸ್ಟಿಯರಿಂಗ್, ಸ್ಟಿಯರಿಂಗ್ ಒತ್ತಿದರೆ ಹಾಡು. ಕೂಸು ಬೇಗ ನಡೆಯಲಿ ಎಂಬುದು ಅದರ ಘೋಷಿತ ಉದ್ದೇಶ. ಅದು ನಡಿಗೆಯನ್ನು ಬೇಗ ಕಲಿಸುವುದಿಲ್ಲ, ತಡವಾಗಿಸಲೂಬಹುದು. ನೆಲದ ಮೇಲೆ ಹೊರಳಿ, ತೆವಳಿ, ಗೋಡೆ ಹಿಡಿದು ಎದ್ದು, ಬಿದ್ದು ಕಲಿಯಬೇಕಾದ್ದನ್ನು ಜೋಲಿಯಲ್ಲಿ ಕೂರಿಸಿ ತಪ್ಪಿಸುತ್ತದೆ. ಅದರಲ್ಲಿ ಕೂತ ಮಗು ಸೆಕೆಂಡಿಗೆ ಮೂರಡಿಗೂ ಹೆಚ್ಚು ದೂರ ಸಾಗಬಲ್ಲದು. ಮೆಟ್ಟಿಲು, ಬಿಸಿ ಸಾರಿನ ಪಾತ್ರೆ, ಸ್ನಾನದ ಮನೆಯ ಬಕೆಟ್ಟು ಎಲ್ಲವೂ ಎರಡು-ಮೂರು ಸೆಕೆಂಡಿನ ದಾರಿ. ಕೆನಡಾ 2004ರಲ್ಲಿ ಇದರ ಮಾರಾಟ, ಆಮದು, ಜಾಹೀರಾತು ಮೂರನ್ನೂ ನಿಷೇಧಿಸಿತು. ಬಳಸಿದ ವಾಕರನ್ನು ಮಾರುವುದೂ ಅಲ್ಲಿ ಅಪರಾಧ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಅಲ್ಲಿಯೂ ನಿಷೇಧವಾಗಲಿ ಎನ್ನುತ್ತಿದೆ. ನಮ್ಮಲ್ಲಿ ಅದು ಸೋದರಮಾವನ ಪ್ರೀತಿಯ ಅಧಿಕೃತ ಸಂಕೇತ. ಹಿಂದೆ ಬಡಗಿ ಮಾಡಿಕೊಡುತ್ತಿದ್ದ ಮರದ ಮೂರುಗಾಲಿ ತಳ್ಳುಗಾಡಿ ಈ ಸ್ಪರ್ಧೆಯಲ್ಲಿ ಸೋತಿತು. ಅದನ್ನು ತಳ್ಳಬೇಕಾದರೆ ಮಗು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕಿತ್ತು, ಮೇಲಾಗಿ ಅದಕ್ಕೆ ಹಾಡಲು ಬರುತ್ತಿರಲಿಲ್ಲ.

ಬುದ್ಧಿ ಬೆಳೆಸುವ ಆಟಿಕೆಗಳದು ಬೇರೆಯೇ ಮಾರುಕಟ್ಟೆ, ಅದರ ಇತಿಹಾಸ ಮನರಂಜಕ. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟದ ವರದಿ ಬಂತು: 36 ಕಾಲೇಜು ವಿದ್ಯಾರ್ಥಿಗಳು ಹತ್ತು ನಿಮಿಷ ಮೊಜಾರ್ಟ್ ಸಂಗೀತ ಕೇಳಿದ ಮೇಲೆ ಒಂದು ಬಗೆಯ ಪರೀಕ್ಷೆಯಲ್ಲಿ ತುಸು ಹೆಚ್ಚು ಅಂಕ ಪಡೆದರು. ಹದಿನೈದು ನಿಮಿಷದೊಳಗೆ ಆ ಹೆಚ್ಚುವರಿ ಜಾಣತನ ಇಳಿಯಿತು. ವರದಿಯಲ್ಲಿ ಒಂದು ಕೂಸೂ ಇರಲಿಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್, ರಾಜ್ಯದಲ್ಲಿ ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಲು 1,05,000 ಡಾಲರ್ ಕೇಳಿದರು. ಸರ್ಕಾರವೊಂದು ನಾಮಕರಣದ ನೆಂಟನ ಮಟ್ಟಕ್ಕೆ ಏರಿದ ಪ್ರಸಂಗ ಇದು. ‘ಬೇಬಿ ಐನ್‌ಸ್ಟೈನ್’ ಎಂಬ ವಿಡಿಯೊಗಳೂ ಅದೇ ಕಾಲದ ಫಸಲು. 2009ರಲ್ಲಿ ಅವುಗಳ ಒಡೆಯನಾದ ಡಿಸ್ನಿ ಕಂಪನಿ, ವಿಡಿಯೊ ಕೊಂಡವರಿಗೆ ಹಣ ಹಿಂದಿರುಗಿಸಲು ಮುಂದಾಯಿತು. ಅಷ್ಟು ಹೊತ್ತಿಗೆ ಈ ಸರಕು ಎಬಿಸಿ ಹಾಡುವ ಪ್ಲಾಸ್ಟಿಕ್ ಲ್ಯಾಪ್‌ಟಾಪಿನ ವೇಷದಲ್ಲಿ ನಮ್ಮ ಊರುಗಳ ಜಾತ್ರೆಗೂ ತಲುಪಿತ್ತು. ಎರಡು ವರ್ಷದವರೆಗೆ ಮಗುವಿಗೆ ಪರದೆಯೇ ಬೇಡ ಎಂಬುದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಹಳೆಯ ಟ್ಯಾಬ್ ಉಡುಗೊರೆ ಕೊಡುವ ಚಿಕ್ಕಪ್ಪಂದಿರಿಗೆ ಈ ಸಲಹೆ ಇನ್ನೂ ಮುಟ್ಟಿಲ್ಲ.

ಹಾಲಿನ ಪುಡಿಯ ಡಬ್ಬ, ಬಾಟಲಿಗಳ ಸೆಟ್ಟು ಹೊತ್ತು ಬರುವವರೂ ಉಂಟು. ಶಿಶುವಿನ ಹಾಲಿನ ಬದಲಿ ಪದಾರ್ಥ ಮತ್ತು ಹಾಲುಣಿಸುವ ಬಾಟಲಿಗಳ ಕುರಿತ 1992ರ ಕಾಯ್ದೆ ಇವುಗಳ ಜಾಹೀರಾತನ್ನೇ ನಿಷೇಧಿಸಿದೆ. ಮಾರಾಟ ಹೆಚ್ಚಿಸಲು ಮಾದರಿ, ಉಡುಗೊರೆ ಹಂಚುವುದೂ ಅಪರಾಧ. ಸೋದರತ್ತೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಆರು ತಿಂಗಳು ಎದೆಹಾಲು ಮಾತ್ರ ಸಾಕು ಎಂದು ಆಸ್ಪತ್ರೆಯ ಗೋಡೆ ಹೇಳುತ್ತಿದ್ದರೂ, ಬಾಣಂತಿಗೆ ಹಾಲು ಸಾಲದು ಎಂಬ ತೀರ್ಪನ್ನು ಆಕೆ ಡಬ್ಬದ ರೂಪದಲ್ಲೇ ಪ್ರಕಟಿಸುತ್ತಾಳೆ. ಜೇನು ತಂದು ನೆಕ್ಕಿಸುವವರ ವಿಚಾರದಲ್ಲಿ ಮಾತು ಇನ್ನೂ ಚಿಕ್ಕದು: ಒಂದು ವರ್ಷದೊಳಗೆ ಜೇನು ಕೊಡಬಾರದು, ಅದರಲ್ಲಿರಬಹುದಾದ ರೋಗಾಣುವಿನ ಬೀಜಕಗಳು ಕೂಸಿನ ಕರುಳಲ್ಲಿ ವಿಷ ಹುಟ್ಟಿಸಬಲ್ಲವು.

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ ಎಂಬ ಊರಿದೆ ಎಂಬುದು ಅತಿಥಿಗಳಿಗೆ ತಿಳಿಯದ್ದಲ್ಲ. ಮದ್ದೂರಿನ ವಡೆಗೆ ಮುಂಚೆ ಬರುತ್ತದೆ. ಅಲ್ಲಿನ ಕುಶಲಕರ್ಮಿಗಳು ಒಣಗಿಸಿದ ಹಾಲೆ ಮರವನ್ನು ಲೇತಿನಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆ ಗರಿಯಿಂದ ತಿಕ್ಕಿದರೆ ಹೊಳಪು. ಅರಿಸಿನದಂಥ ಸಸ್ಯಮೂಲದ ಬಣ್ಣ ಹಾಕಿದ ಗಿಲಕಿ, ಬುಗುರಿ, ತಳ್ಳುವ ಬಾತುಕೋಳಿಗೆ ಚೂಪು ಅಂಚಿಲ್ಲ, ಬ್ಯಾಟರಿಯಿಲ್ಲ. ಭೌಗೋಳಿಕ ಸೂಚಿಕೆ ಪಡೆದ ಈ ಆಟಿಕೆಗಳ ನೋಂದಾಯಿತ ತಯಾರಕರಿಗೆ ಐಎಸ್‌ಐ ಮುದ್ರೆಯಿಂದ ವಿನಾಯಿತಿ ಇದೆ, ಹಾಗಾಗಿ ಮುದ್ರೆಯಿಲ್ಲವೆಂದು ಗಾಬರಿ ಬೇಡ. ಬದಲಿಗೆ ಬಣ್ಣ ಯಾವುದೆಂದು ಕೇಳಬೇಕು, ಮಣಿ-ಚಕ್ರಗಳನ್ನು ಎಳೆದು ನೋಡಬೇಕು. ಚನ್ನಪಟ್ಟಣದ ಹೆಸರಿನಲ್ಲಿ ಪೇಂಟ್ ಬಳಿದ ಬೊಂಬೆಯೂ ಬಿಕರಿಯಾಗುತ್ತದೆ. ಮರದ ಮಣಿಯೂ ಗಂಟಲಲ್ಲಿ ಸಿಗುತ್ತದೆ. ಕೊಂಡ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಕುದಿನೀರಿಗೆ ಹಾಕಿದರೆ ಅರಗು ಮೆತ್ತಗಾಗುತ್ತದೆ. ಇಷ್ಟೆಲ್ಲ ಇದ್ದೂ ಅದರ ದೊಡ್ಡ ದೋಷ ನೀಗಿಲ್ಲ: ಡಬ್ಬ ಚಿಕ್ಕದು.

ನಿಜವಾಗಿ ಖರ್ಚಾಗುವ ವಸ್ತುಗಳ ಪಟ್ಟಿಯಲ್ಲಿ ಥಳಕಿಲ್ಲ. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಯ ತುಂಡುಗಳು, ಕೌದಿ, ಸೊಳ್ಳೆ ಪರದೆ. ನವಜಾತ ಅಳತೆಯ ಅಂಗಿಗಳು ರಾಶಿ ಬೀಳುತ್ತವೆ, ಎರಡು ಮೂರು ತಿಂಗಳಲ್ಲಿ ಒಂದೂ ಹಿಡಿಸುವುದಿಲ್ಲ. ಒಂದು ವರ್ಷದ ಅಳತೆಯದನ್ನು ತರುವವರು ಮನೆಗೊಬ್ಬರು ಸಿಕ್ಕರೆ ಪುಣ್ಯ. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಿಂದ ಕನ್ನಡದಲ್ಲೂ ಕಡಿಮೆ ಬೆಲೆಯ ಚಿತ್ರಪುಸ್ತಕಗಳನ್ನು ತರುತ್ತಿದೆ. ಕೂಸು ಅವನ್ನು ಓದುವ ಮೊದಲು ತಿನ್ನಲು ನೋಡುತ್ತದೆ, ಅದು ಸಹಜ. ಇನ್ನು ಎಂಟು ತಿಂಗಳ ಮಗುವಿಗೆ ಅಡುಗೆಮನೆಯ ಸ್ಟೀಲ್ ಬಟ್ಟಲು, ಅದರ ಮೇಲೆ ಬಡಿಯಲು ಮರದ ಸೌಟು ಕೊಟ್ಟರೆ ಯಾವ ಅಂಗಡಿಯ ಸಂಗೀತದ ಆಟಿಕೆಯೂ ಅದರ ಮುಂದೆ ನಿಲ್ಲದು. ಆದರೆ ಸೌಟು ಹಿಡಿದು ವೇದಿಕೆ ಹತ್ತುವ ಧೈರ್ಯ ಯಾವ ಅತಿಥಿಗೂ ಬಂದಿಲ್ಲ.

ಆದಕಾರಣ ಮಾನ್ಯರಲ್ಲಿ ಕೋರುವುದೇನೆಂದರೆ, ದೊಡ್ಡ ಡಬ್ಬವನ್ನೇ ತರುವುದು ಅನಿವಾರ್ಯವಾದಲ್ಲಿ, ಬದಲಾಯಿಸಿಕೊಳ್ಳಲು ಅನುಕೂಲವಾಗುವಂತೆ ಅಂಗಡಿಯ ಬಿಲ್ಲನ್ನೂ ಒಳಗಿಡಬೇಕು. ಒಂದು ರೂಪಾಯಿ ನಾಣ್ಯವನ್ನು ಕೂಸಿನ ಕೈಗೆ ಸಿಗದಂತೆ ತಾಯಿಯ ಕೈಗೇ ಕೊಡಬೇಕು.

ಇಂತಿ,
ತೊಟ್ಟಿಲಿನ ಪರವಾಗಿ