ಕೊಂಬಿನ ಅಮಲ್ದಾರಿಕೆ

ಮದುವೆಯಾಗಿ 32 ವರ್ಷವಾದರೂ ನಮ್ಮ ಮನೆಯಲ್ಲಿ ಒಲೆಯ ಉರಿ ಏರಿಸುವ, ಇಳಿಸುವ ಅಧಿಕಾರ ನನಗೆ ಬಂದಿಲ್ಲ. ಎಂದೋ ಒಮ್ಮೆ ಹಾಲು ಉಕ್ಕಿಸಿದ ದಾಖಲೆ ಇನ್ನೂ ಅಳಿಸಿಲ್ಲ. ಹಾಗಾಗಿ ಕ್ಯೋಟೊದ ಹೋಟೆಲೊಂದರಲ್ಲಿ ಒಲೆಯನ್ನೇ ಊಟದ ಮೇಜಿಗೆ ತಂದು ನನ್ನ ಮುಂದಿಟ್ಟಾಗ, ಕೊನೆಗೂ ಬಡ್ತಿ ಸಿಕ್ಕಿತೆಂದು ಬೀಗಿದೆ.

ಹತ್ತಿರದಲ್ಲೇ ನಾನ್‌ಜೆನ್‌ಜಿ, 1291ರಲ್ಲಿ ಸ್ಥಾಪನೆಯಾದ ಜೆನ್ ಮಠ. ಅದರ ಸುತ್ತಮುತ್ತ ಯುದೋಫು ಊಟ ಪ್ರಸಿದ್ಧ. ‘ಯು’ ಅಂದರೆ ಬಿಸಿನೀರು, ಮಿಕ್ಕದ್ದು ತೋಫು. ಹೆಸರಲ್ಲಿದ್ದಷ್ಟೇ ಪಾತ್ರೆಯಲ್ಲೂ ಇತ್ತು. ಮಣ್ಣಿನ ಪಾತ್ರೆ, ನೀರು, ಬಿಳಿ ಬಿಲ್ಲೆಗಳು, ತಳದಲ್ಲೊಂದು ಕಪ್ಪು ಪಟ್ಟಿ.

“ಅದೇನೋ?”

“ಕೊಂಬು ಅಪ್ಪಾ,” ಅಂದ ಟೋಕಿಯೊದಲ್ಲಿ ಕೆಲಸ ಮಾಡುವ ಮಗ.

ಉಪ್ಪಿಲ್ಲ, ಹುಳಿಯಿಲ್ಲ, ಒಗ್ಗರಣೆಯಿಲ್ಲ. ಅದರ ಮೇಲೆ ಕೊಂಬು ಬೇರೆಯೇ! ಕಡಲಪಾಚಿ ಎಂದು ತಿಳಿದ ಮೇಲೆ ಉಸಿರಾಡಿದೆ. ಅದ್ದಿಕೊಳ್ಳುವ ರಸಕ್ಕೆ ಒಣಮೀನಿನ ಸಾರ ಬೆರೆಸುವುದುಂಟಂತೆ. ಮಗ ಮೊದಲೇ ಹೇಳಿ ಬರೀ ಸೋಯಾ ಸಾಸು, ಶುಂಠಿ, ಈರುಳ್ಳಿ ಸೊಪ್ಪು ತರಿಸಿದ್ದ.

ನಾನು ಕಡ್ಡಿಗಳಲ್ಲಿ ಹಿಡಿದ ಬಿಲ್ಲೆ ಎರಡಾಯಿತು, ಎರಡು ನಾಲ್ಕಾಯಿತು, ನಾಲ್ಕೂ ನೀರಿಗೆ ಬಿದ್ದವು. ಬಡಿಸುವಾಕೆ ಬಂದು, ತೋಫು ಮೆಲ್ಲಗೆ ನಡುಗತೊಡಗಿದ ಕೂಡಲೇ ಎತ್ತಬೇಕು, ಬಿಟ್ಟರೆ ಗಡುಸಾಗುತ್ತದೆ ಎಂದು ಕೈಸನ್ನೆಯಲ್ಲಿ ತೋರಿಸಿದಳು. ಜಪಾನಿಯ ಒಂದಕ್ಷರ ಬಾರದ ನನ್ನ ಹೆಂಡತಿಗೆ ಅದು ತಕ್ಷಣ ಅರ್ಥವಾಯಿತು. “ಇಲ್ಲಿ ಕೊಡ್ರೀ. ಉರಿ ಯಾಕಿಷ್ಟು ದೊಡ್ಡದು?” ಅಲ್ಲಿಗೆ ನನ್ನ ಆಳ್ವಿಕೆ ಮುಗಿಯಿತು.

ಮಗ ನಗತೊಡಗಿದ. ಹೀಗೆ ಪಾತ್ರೆಯ ಯಜಮಾನಿಕೆ ವಹಿಸಿಕೊಂಡು ಎಲ್ಲರಿಗೂ ಹುಕುಂ ಮಾಡುವವರನ್ನು ಜಪಾನಿನಲ್ಲಿ ‘ನಾಬೆ ಬುಗ್ಯೋ’ ಅನ್ನುತ್ತಾರಂತೆ. ನಾಬೆ ಅಂದರೆ ಪಾತ್ರೆ. ಬುಗ್ಯೋ ಹಳೇ ಕಾಲದ ಸರ್ಕಾರಿ ಅಧಿಕಾರಿ. ನಮ್ಮ ಹಳೇ ಮೈಸೂರಿನ ಲೆಕ್ಕದಲ್ಲಿ ಅಮಲ್ದಾರ ಅನ್ನೋಣ. ಮನೆಯಲ್ಲಿ ಇಷ್ಟು ವರ್ಷದಿಂದ ನಡೆಯುತ್ತಿರುವುದಕ್ಕೂ ಹೆಸರೊಂದಿದೆ ಎಂದು ನನಗೆ ತಿಳಿದದ್ದೇ ಅವತ್ತು.

ಮೊದಲ ತುತ್ತಿನಲ್ಲಿ ಬಿಸಿಯೊಂದೇ ಗೊತ್ತಾಯಿತು. ಚೀಲದ ಚಟ್ನಿಪುಡಿಯತ್ತ ಕೈ ಹೋಯಿತು. “ಮೊದಲು ಅದರ ರುಚಿ ಏನೂಂತ ನೋಡಿ,” ಅಮಲ್ದಾರರ ಅಪ್ಪಣೆ. ನೋಡಿದೆ. ಮೂರನೆಯ ಬಿಲ್ಲೆಯ ಹೊತ್ತಿಗೆ ಕಾಳಿನ ಹಾಲಿನಂಥ ನವಿರಾದ ಸಿಹಿಯೊಂದು, ಕರೆಯದೆ ಬಂದ ನೆಂಟರಂತೆ ಸಂಕೋಚದಿಂದ, ನಾಲಿಗೆಯ ಮೇಲೆ ಕೂತಿತು. ಚಟ್ನಿಪುಡಿ ಚೀಲದಲ್ಲೇ ಉಳಿಯಿತು. ಇದನ್ನು ನಾನು ಅವಳಿಗೆ ಹೇಳಲಿಲ್ಲ.

“ಬುಗ್ಯೋ ಕೈಕೆಳಗೆ ಇನ್ನೊಂದು ಹುದ್ದೆ ಇದೆ ಅಪ್ಪಾ,” ಅಂದ ಮಗ. “ಅಕು ದೈಕಾನ್. ಮೇಲೆ ಬರೋ ನೊರೆ, ಕಸರು ತೆಗೆಯೋದೇ ಕೆಲಸ.”

ಶೇಕ್ದಾರಿಕೆಯಾದರೂ ಸಿಕ್ಕಿತಲ್ಲ ಎಂದು ಸೌಟು ಹಿಡಿದು ಸಿದ್ಧನಾದೆ. ಊಟ ಮುಗಿಯುವವರೆಗೂ ಆ ಕೊಂಬಿನ ನೀರು ಕನ್ನಡಿಯಂತೆ ತಿಳಿಯಾಗಿಯೇ ಇತ್ತು.